ಮೇಲೊಬ್ಬರು, ಕೆಳಗೊಬ್ಬರು ತಿರುಗಿಸಿದ ಸ್ಕ್ರೂ

ಕಲ್ಲಟ್ಟಿ ಘಾಟ್ ಇಳಿದು ಮಸಿನಗುಡಿಯ ಕಡೆ ಹೊರಳಿದ್ದೆವು. ಸಂಜೆಯ ಬೆಳಕು ಇನ್ನೂ ಇತ್ತು. ತಿರುವಿನಾಚೆ ಆನೆ ನಿಂತಿತ್ತು. ಒಂಟಿ ಸಲಗ, ರಸ್ತೆಯ ನಟ್ಟನಡುವೆ.

ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ. ದೂರದಲ್ಲೇ ನಿಲ್ಲಿಸಬೇಕು. ಹಾರ್ನ್ ಹೊಡೆಯಬಾರದು. ರಿವರ್ಸ್ ಗೇರ್ ಹಾಕಿಕೊಂಡು, ಕ್ಲಚ್ ಒತ್ತಿ ಹಿಡಿದು, ಅದು ತಾನಾಗಿ ಹೋಗುವವರೆಗೆ ಕಾಯಬೇಕು. (ಫೋನ್ ಎತ್ತಿ ವಿಡಿಯೋ ಮಾಡುವುದು ಟೂರಿಸ್ಟುಗಳ ಕೆಲಸ.) ಇಂಜಿನ್ ಮಾತ್ರ ಆಫ್ ಆಗಬಾರದು. ಇಲ್ಲಿ ಬದುಕುವವನಿಗೆ ಗಾಡಿ ಜೋರಾಗಿ ಓಡುವುದಕ್ಕಿಂತ ನಿಂತಲ್ಲೇ ಐಡ್ಲಿಂಗ್‌ನಲ್ಲಿ ಇರುವುದು ಮುಖ್ಯ.

ನಮ್ಮ ಹಳೆಯ ವ್ಯಾನಿಗೆ ಅದೇ ಆಗಲಿಲ್ಲ. ಗಡಗಡ ನಡುಗಿತು, ಕೆಮ್ಮಿತು, ಆಫ್ ಆಯಿತು.

ಹಿಂದಿನ ಸೀಟಿನಲ್ಲಿ ನನ್ನ ಅಕ್ಕ ಮಲಗಿದ್ದಳು. ಊಟಿಯ ಆಸ್ಪತ್ರೆಗೆ ತೋರಿಸಿಕೊಂಡು ಬರುತ್ತಿದ್ದೆವು. ಘಾಟ್ ಇಳಿಯುವಾಗಲೇ ತಲೆ ಸುತ್ತುತ್ತಿದೆ ಅಂದಿದ್ದಳು. ನಾನು ಕೀಗೆ ಕೈ ಹಾಕಿದೆ.

"ಸೆಲ್ಫ್ ಹೊಡೀಬ್ಯಾಡ ಕಣ್ಲಾ," ಅಂದಳು, ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ. "ಆ ಸದ್ದಿಗೆ ಮೈಮೇಲೇ ಬತ್ತದೆ."

ಆನೆ ಕಿವಿ ಅಗಲಿಸಿ ನಮ್ಮತ್ತ ತಿರುಗಿತು. ನಾಲ್ಕು ಹೆಜ್ಜೆ ಹಾಕಿತು. ನಾನು ಯಾವ ದೇವರನ್ನು ಕರೆದೆನೋ ನೆನಪಿಲ್ಲ. ಅಷ್ಟರಲ್ಲಿ ಅದಕ್ಕೇನನ್ನಿಸಿತೋ, ಸೊಂಡಿಲು ಬೀಸಿ ಲಂಟಾನ ಪೊದೆಯೊಳಗೆ ಇಳಿದುಹೋಯಿತು.

ಸದ್ಯ, ಬದುಕಿದೆವು ಅಂದುಕೊಂಡು, ಗಾಡಿ ಮತ್ತೆ ಸ್ಟಾರ್ಟ್ ಮಾಡಿ ಮನೆ ಸೇರಿದೆವು. ವ್ಯಾನಿನಿಂದ ಇಳಿದ ಅಕ್ಕ ಬಾಗಿಲ ಕಲ್ಲಿನ ಮೆಟ್ಟಿಲ ಮೇಲೆ ದೊಪ್ಪನೆ ಬಿದ್ದಳು. ಹಣೆ ಒಡೆದು ರಕ್ತ ಬಂತು. ಹೆಸರು ಹಿಡಿದು ಕೂಗಿದರೂ ಸ್ವಲ್ಪ ಹೊತ್ತು ಕಣ್ಣು ಬಿಡಲಿಲ್ಲ. ಆನೆ ಎದುರು ಆದ ಭಯ ಏನೂ ಅಲ್ಲ ಅನ್ನಿಸಿದ್ದು ಆಗಲೇ.

ಆ ವ್ಯಾನಿನ ಕಥೆ ಸ್ವಲ್ಪ ಹೇಳಬೇಕು. ಅದರ ಕಾಯಿಲೆ ವಿಚಿತ್ರ. ದಿನಗಟ್ಟಲೆ ಗುಂಡುಕಲ್ಲಿನ ಹಾಗಿರುತ್ತದೆ. ಒಂದು ದಿನ ಇದ್ದಕ್ಕಿದ್ದಂತೆ ಮಿಸ್ಸಿಂಗ್ ಶುರು. ಆಕ್ಸಿಲೇಟರ್ ಒತ್ತಿದರೆ ಸರಿ, ಕಾಲು ತೆಗೆದರೆ ನಡುಕ. ಮೆಕ್ಯಾನಿಕ್ ಕೈ ಹಾಕಿದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಸಾಧುವಾಗಿಬಿಡುತ್ತದೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಗಾಡಿ ಇದ್ದರೆ ನನ್ನ ಸಂಕಟ ಗೊತ್ತಾಗುತ್ತದೆ. ಪ್ಲಗ್ ಬದಲಾಯಿತು, ಫಿಲ್ಟರ್ ಬದಲಾಯಿತು, ಕಾರ್ಬೊರೇಟರ್ ಬಿಚ್ಚಿ ತೊಳೆದದ್ದೂ ಆಯಿತು. ಉಹುಂ.

ಮಸಿನಗುಡಿಯಲ್ಲಿ ಗಾಡಿ ನೋಡುವವನು ಮಣಿ. ಅಕ್ಕ ಬಜಾರಿನಲ್ಲಿ ಸಣ್ಣ ಮೆಸ್ ನಡೆಸುತ್ತಾಳೆ. ಮಣಿಯ ಬೆಳಗಿನ ತಿಂಡಿ ಅಲ್ಲೇ. ಊಟಿಯಲ್ಲಿ ಬೆಳ್ಳಿಯಣ್ಣನ ಗ್ಯಾರೇಜ್ ಇದೆ. ಪಕ್ಕದ ಸೋಲೂರಿನ ಕಡೆಯವರು, ಆಸ್ಪತ್ರೆಯ ಹತ್ತಿರವೇ ಶೆಡ್ಡು. ಅಕ್ಕ ಡಾಕ್ಟರಿಗೆ ಕಾಯುವಾಗ ನಾನು ವ್ಯಾನನ್ನು ಅವರಿಗೆ ತೋರಿಸುತ್ತಿದ್ದೆ. ಮಣಿಗೆ ಹೇಳುತ್ತಿರಲಿಲ್ಲ. ಹೇಗೆ ಹೇಳುವುದು? ದಿನಾ ಬೆಳಗಾದರೆ ಎದುರು ಕೂತು ಇಡ್ಲಿ ತಿನ್ನುವ ಮನುಷ್ಯ. ನಿನ್ನ ಕೆಲಸ ಸಾಲದು ಅಂತ ಬೇರೆಯವರ ಹತ್ತಿರ ಹೋದೆ ಅಂದರೆ ಬೇಜಾರು ಮಾಡಿಕೊಳ್ಳುವುದಿಲ್ಲವೇ?

ಅಕ್ಕ ಬಿದ್ದ ಮಾರನೆಯ ಬೆಳಿಗ್ಗೆ ಮಣಿ ಮನೆಗೇ ಬಂದ. ಅಕ್ಕನ ಹಣೆಯ ಬ್ಯಾಂಡೇಜ್ ನೋಡಿ ಮುಖ ಸಣ್ಣದು ಮಾಡಿಕೊಂಡ. ಆಮೇಲೆ ಸೀಟು ಎತ್ತಿ ಇಂಜಿನ್ ಒಳಗೆ ಬಗ್ಗಿದವನು ಹಾಗೇ ನಿಂತ.

"ಅಣ್ಣಾ, ಈ ಕಾರ್ಬೊರೇಟರ್ ಸ್ಕ್ರೂ ಯಾರು ತಿರುಗ್ಸಿದ್ದು? ಹೋದ ಸಲ ನಾನು ಪೇಂಟ್ ಗುರ್ತು ಹಾಕಿದ್ದೆ. ಇದು ಬೇರೆ ಕಡೆ ಐತಲ್ಲ?"

ನಾನು ಏನೇನೋ ಅಂದೆ. ಕೊನೆಗೆ ಬೆಳ್ಳಿಯಣ್ಣನ ಹೆಸರು ಹೇಳಿದೆ.

"ಅಯ್ಯೋ ಅಣ್ಣಾ! ಬೆಳ್ಳಿಯಣ್ಣ ನಂಗೆ ಗೊತ್ತಿಲ್ವಾ? ಒಂದು ಮಾತು ಹೇಳ್ಬಾರ್ದಾ?" ಅಂದ. ಕೋಪಕ್ಕಿಂತ ನೋವೇ ಜಾಸ್ತಿ ಇತ್ತು. ಅಲ್ಲೇ ನಿಂತು ಫೋನ್ ಹಚ್ಚಿದ. ತಮಿಳಿನಲ್ಲಿ ಇಬ್ಬರೂ ಐದು ನಿಮಿಷ ಮಾತಾಡಿದರು. ಗಂಟು ಬಿಚ್ಚಿಕೊಂಡಿತು.

ಊಟಿಯಲ್ಲಿ ಗಾಳಿ ತೆಳು. ಅಲ್ಲಿ ಇಂಜಿನ್‌ಗೆ ಪೆಟ್ರೋಲ್ ಕಡಿಮೆ ಬೇಕು. ಆದ್ದರಿಂದ ಬೆಳ್ಳಿಯಣ್ಣ ಸ್ಕ್ರೂ ತಿರುಗಿಸಿ ಕಡಿಮೆ ಮಾಡುತ್ತಿದ್ದರು. ಮೂವತ್ತಾರು ಹೇರ್‌ಪಿನ್ ತಿರುವು ಇಳಿದು ಕೆಳಗೆ ಬಂದರೆ ಆ ಪೆಟ್ರೋಲ್ ಸಾಲದೆ ಗಾಡಿ ಆಫ್. ಮಣಿ ಜಾಸ್ತಿ ಮಾಡುತ್ತಿದ್ದ. ಮತ್ತೆ ಮೇಲೆ ಹೋದರೆ ಅದು ಹೆಚ್ಚಾಗಿ ನಡುಕ. ಇಬ್ಬರದೂ ತಪ್ಪಿಲ್ಲ. ಅವರವರ ಜಾಗಕ್ಕೆ ಅವರವರು ಸರಿ. ಇನ್ನೊಬ್ಬರೂ ಕೈ ಹಾಕುತ್ತಿದ್ದಾರೆ ಅಂತ ಇಬ್ಬರಿಗೂ ಗೊತ್ತಿರಲಿಲ್ಲ, ಅಷ್ಟೇ.

ಅಕ್ಕ ಜಗಲಿಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತಾ ಕೇಳುತ್ತಿದ್ದಳು. (ಮಲಗು ಅಂದರೆ ಮಲಗುವ ಹೆಂಗಸಲ್ಲ.) ಕೈ ನಿಂತಿತು.

"ನನ್ನ ಮಾತ್ರೆನೂ ಹಂಗೇ ಆಗೈತೆ ಕಣ್ಲಾ," ಅಂದಳು.

"ಏನು ಹಂಗೆ?"

"ಮೇಲೆ ಊಟಿ ಡಾಕ್ಟ್ರು ಬೀಪಿ ಜಾಸ್ತಿ ಅಂತ ಎರಡು ನುಂಗು ಅಂತಾರೆ. ನುಂಗುದ್ರೆ ತಲೆ ಸುತ್ತು. ಇಲ್ಲಿ ಡಾಕ್ಟರಮ್ಮ ನೋಡಿ, ಬೀಪಿ ಕಮ್ಮಿ ಆಗದೆ, ಅರ್ಧ ಸಾಕು ಅಂತಾರೆ. ಅರ್ಧ ನುಂಗ್ಕಂಡು ಮೇಲೆ ಹೋದ್ರೆ ಮತ್ತೆ ಜಾಸ್ತಿ."

ಅಕ್ಕನ ಈ ಕಾಯಿಲೆಯೂ ಬಂದು ಹೋಗುವಂಥದ್ದು. ವಾರವೆಲ್ಲ ಚೆನ್ನಾಗಿರುತ್ತಾಳೆ, ಒಂದು ದಿನ ಗೋಡೆ ಹಿಡಿದು ನಡೆಯುತ್ತಾಳೆ. ವಯಸ್ಸು ಅಂದುಕೊಂಡಿದ್ದೆವು.

"ಇಲ್ಲಿನೋರಿಗೆ ಊಟಿ ವಿಷ್ಯ ಹೇಳಿದೀಯಾ ಅಕ್ಕ?"

"ಹೆಂಗ್ಲಾ ಹೇಳೋದು? ಮಧ್ಯಾಹ್ನ ನನ್ನ ಮೆಸ್ಸಿಂದ್ಲೇ ಊಟ ತರಿಸ್ಕತಾರೆ. ನಮ್ಮೂರಿಗೆ ಅಂತ ಬಂದು ಇಲ್ಲೇ ನಿಂತೋರು. ನನ್ನ ಮ್ಯಾಲೆ ನಂಬ್ಕೆ ಇಲ್ವಾ ಅನ್ಕಂಡ್ರೆ?"

ಬೈಯಬೇಕು ಅನ್ನಿಸಿತು. ಯಾವ ಬಾಯಿಂದ ಬೈಯಲಿ? ಮಣಿ ಕೈಯಲ್ಲಿ ಸ್ಪ್ಯಾನರ್ ಹಿಡಿದು ಅಲ್ಲೇ ನಿಂತಿದ್ದ.

ಅವತ್ತೇ ಎಲ್ಲಾ ಮಾತ್ರೆಗಳನ್ನೂ ಒಂದು ಚೀಲಕ್ಕೆ ತುಂಬಿಕೊಂಡು ಕ್ಲಿನಿಕ್ಕಿಗೆ ಹೋದೆವು. ಬಾಗಿಲ ಬಳಿ ಅಕ್ಕ ಹಿಂದೆ ಸರಿದಳು. "ನಾಳೆ ಬರಾನ" ಅಂದಳು. ನಾನು ಕೈ ಬಿಡಲಿಲ್ಲ. ಡಾಕ್ಟರಮ್ಮ ಚೀಲವನ್ನು ಮೇಜಿನ ಮೇಲೆ ಸುರಿದು ನೋಡಿದರು. ಬೇಜಾರು ಮಾಡಿಕೊಂಡರೇ? ಮಾಡಿಕೊಂಡರು. ಆದರೆ ನಾವು ಹೆದರಿದ ಕಾರಣಕ್ಕಲ್ಲ.

"ಏನಮ್ಮಾ ನೀವು? ನಿಮ್ಮ ಕೈ ಊಟ ಮಾಡೋಳು ನಾನು. ನನ್ನ ಕೈಯಾರೆ ನಿಮಗೇನಾದ್ರೂ ಆಗಿದ್ರೆ ನಾನು ಹೆಂಗೆ ಇರ್ಲಿ?" ಅಂದರು. ಕನ್ನಡಕ ತೆಗೆದು ಒರೆಸಿಕೊಂಡು ಊಟಿಯ ಡಾಕ್ಟರಿಗೆ ಅವರೇ ಫೋನ್ ಮಾಡಿದರು. ಅಕ್ಕ ತಲೆ ತಗ್ಗಿಸಿ ಸೆರಗಿನ ತುದಿ ತಿರುಚುತ್ತಾ ಕೂತಿದ್ದಳು. ಅವಳು ಹಾಗೆ ಕೂತದ್ದನ್ನು ನಾನು ನೋಡಿಯೇ ಇರಲಿಲ್ಲ.

ಈಗ ಮಾತ್ರೆ ಒಂದೇ ಅಳತೆ. ಮೇಲಿನವರೂ ಕೆಳಗಿನವರೂ ಮಾತಾಡಿಕೊಂಡು ಹೇಳಿದ್ದು. ಅಕ್ಕ ಗೋಡೆ ಹಿಡಿಯದೆ ನಡೆಯುತ್ತಿದ್ದಾಳೆ. ವ್ಯಾನಿನ ಸ್ಕ್ರೂವನ್ನು ಮಣಿಯೂ ಬೆಳ್ಳಿಯಣ್ಣನೂ ಫೋನಿನಲ್ಲೇ ಜಗಳವಾಡಿ ನಡುವೆ ನಿಲ್ಲಿಸಿದ್ದಾರೆ. ಊಟಿಯಲ್ಲಿ ಸ್ವಲ್ಪ ನಡುಗುತ್ತದೆ, ಇಲ್ಲೂ ಸ್ವಲ್ಪ ನಡುಗುತ್ತದೆ. ಆಫ್ ಆಗುವುದಿಲ್ಲ.

ಮನಸ್ಸು ನೋಯಿಸಬಾರದು ಅಂತ ನಾವು ಎಷ್ಟೊಂದು ಮುಚ್ಚಿಡುತ್ತೇವೆ! ಟೈಲರ್ ಬದಲಾಯಿಸಿದ್ದನ್ನು ಮುಚ್ಚಿಟ್ಟರೆ ಹೋಗಲಿ, ಒಂದು ಬ್ಲೌಸ್ ಕೆಟ್ಟೀತು. ಮಾತ್ರೆ ವಿಷಯದಲ್ಲೂ ಅದೇ ಮರ್ಯಾದೆಯೇ? ಅಕ್ಕನ ಹಣೆಯ ಗಾಯ ಮಾಗಿದೆ, ಕಲೆ ಉಳಿದಿದೆ. ಬೆಳಿಗ್ಗೆ ಅವಳು ಕುಂಕುಮ ಇಡುವಾಗ ಅದು ನನ್ನ ಕಣ್ಣಿಗೆ ಬೀಳುತ್ತದೆ.

ಅವತ್ತು ಸಂಜೆ ಆನೆಯೇನೋ ದಾರಿ ಬಿಟ್ಟಿತು. ನಮ್ಮ ದಾಕ್ಷಿಣ್ಯ ಅಕ್ಕನನ್ನು ಬಿಡುತ್ತಿತ್ತೇ?