ಆ ಚೌಕದೊಳಗಿನ ಬರ್ಚ್ ಮರ

ಉಪಗ್ರಹದ ಚಿತ್ರಗಳಲ್ಲಿ ಸುಟ್ಟ ಕಾಡನ್ನು ಅಳೆಯುವುದು ನನ್ನ ಕೆಲಸ. ದುಬೈಯಲ್ಲಿ ಕುಳಿತು ಕೆನಡಾದ ಕಾಡು ಅಳೆಯುವುದೇ ಎಂದು ನಗುವವರಿದ್ದಾರೆ. ಬೆಂಕಿಗೆ ಮುಂಚಿನ ಚಿತ್ರದಿಂದ ನಂತರದ್ದನ್ನು ಕಳೆದರೆ ಉಳಿಯುವುದೇ ನಷ್ಟ. ಅದಕ್ಕೆ ಅಲ್ಲಿಗೆ ಹೋಗಬೇಕಿಲ್ಲ. ಚರ್ಚಾಸ್ಪರ್ಧೆಗಳಲ್ಲಿ ಪುರಾವೆ ಕೇಳಿ ಕೇಳಿಯೇ ಗೆದ್ದವಳಿಗೆ ಹೇಳಿ ಮಾಡಿಸಿದ ಕೆಲಸ.

ಆ ಬೇಸಿಗೆಯಲ್ಲಿ ಬೆಂಕಿ ಬಿದ್ದದ್ದು ಮಾವನ ಊರಿಗೆ. ಅಮ್ಮನ ತಮ್ಮ, ಇಲ್ಲಿಯ ಮರುಭೂಮಿಯೂರು ಮದೀನತ್ ಜಾಯೆದಿನ ತೈಲದ ಕೆಲಸ ಬಿಟ್ಟು ಅತ್ತೆಯ ಜೊತೆ ಕೆನಡಾದ ಉತ್ತರಕ್ಕೆ ಹೋಗಿದ್ದವರು. ಅತ್ತೆ ತೀರಿಕೊಂಡದ್ದು ಅಲ್ಲಿಯ ಚಳಿಗಾಲದಲ್ಲಿ. ಅಸ್ಥಿ ಬಿಡೋಣವೆಂದರೆ ನದಿ ಹೆಪ್ಪುಗಟ್ಟಿತ್ತು. ಕರಗುವವರೆಗೆ ಇರಲಿ ಎಂದು ಕುಡಿಕೆಯನ್ನು ಅಂಗಳದ ಬರ್ಚ್ ಮರದ ಬುಡದಲ್ಲಿಟ್ಟರು. ನದಿ ಹರಿಯತೊಡಗಿದಾಗ ಅವರಿಗೆ ಮನಸ್ಸು ಬರಲಿಲ್ಲ, ಅಲ್ಲೇ ಹೂತರು. ಅಮ್ಮ ಸಿಟ್ಟಾಗಿದ್ದರು.

ಈಗ ಊರು ಖಾಲಿ ಮಾಡಿಸಿ, ಮಾವನನ್ನು ಯಾವುದೋ ಶಾಲೆಯ ಹಾಲ್‌ನಲ್ಲಿ ಇರಿಸಿದ್ದರು. ಫೋನಿನಲ್ಲಿ ಮನೆಯ ಸುದ್ದಿ ಎತ್ತಲಿಲ್ಲ, ಮರ ಉಂಟಾ ನೋಡು ಎಂದರು. ನಮ್ಮ ಚಿತ್ರದ ಒಂದು ಚೌಕದಲ್ಲಿ ಮನೆ, ಅಂಗಳ ಎಲ್ಲ ಸೇರಿಹೋಗುತ್ತದೆ, ಒಂದೇ ಮರ ಬೇರೆಯಾಗಿ ಕಾಣುವುದಿಲ್ಲ ಎಂದು ವಿವರಿಸಿದೆ. ಆದರೂ ನೋಡು ಎಂದರು.

ಅಲ್ ಕುಸೈಸಿನ ನಮ್ಮ ಫ್ಲ್ಯಾಟಿನಲ್ಲಿ ಲ್ಯಾಪ್‌ಟಾಪ್ ತೆರೆದಾಗ ಅಮ್ಮ ಬೆನ್ನ ಹಿಂದೆಯೇ ನಿಂತಿದ್ದರು. ಆ ಚೌಕ ಹಸಿರಾಗಿತ್ತು.

"ಹಸಿರುಂಟಲ್ಲ. ಫೋನ್ ಮಾಡು ಅವನಿಗೆ."

ಇದು ಇವತ್ತಿನ ಹಸಿರಲ್ಲ ಎಂದೆ. ಹೊಗೆ ಮುಚ್ಚಿದ ಕಡೆಯೆಲ್ಲ ಸಾಫ್ಟ್‌ವೇರ್ ಹಳೆಯ ಚಿತ್ರದ ತುಂಡು ತಂದು ತುಂಬುತ್ತದೆ. ನಾವು ನೋಡುತ್ತಿದ್ದದ್ದು ಬೆಂಕಿಗೆ ಮುಂಚಿನ ಅಂಗಳ.

"ಎಲ್ಲದಕ್ಕೂ ಎಂತ ವಾದ ಮಾರಾಯ್ತಿ ನಿಂದು? ಒಂದು ದಿನ ಆದ್ರೂ ನಿದ್ದೆ ಮಾಡ್ಲಿ ಅವ."

ನಾನು ಫೋನ್ ಮಾಡಲಿಲ್ಲ. ಅಮ್ಮ ಮಾತು ಬಿಟ್ಟರು.

ಹೊಗೆ ಸರಿದ ಮೇಲೆ ಹೊಸ ಚಿತ್ರ ಬಂತು. ಕಳೆದು ನೋಡಿದೆ. ಕಡುಗೆಂಪು. ನಮ್ಮ ಅಳತೆಯಲ್ಲಿ ಪೂರ್ತಿ ಸುಟ್ಟದ್ದರ ಬಣ್ಣ, ಅದರಾಚೆಗೆ ಬಣ್ಣವಿಲ್ಲ.

ಮಾವನಿಗೆ ಬಣ್ಣವನ್ನೂ ಹೇಳಿದೆ, ಅದರ ಅರ್ಥವನ್ನೂ. ಹಾಲ್‌ನಲ್ಲಿ ಯಾರದೋ ಮಗು ಅಳುತ್ತಿತ್ತು.

"ಅಲ್ಲ ಮಗಳೇ, ನಿಮ್ಮ ಚೌಕದಲ್ಲಿ ಒಂದು ಮರ ಬೇರೆ ಕಾಣುದಿಲ್ಲ ಅಂತ ನೀನೇ ಹೇಳಿದ್ದಲ್ವಾ?"

ಉತ್ತರ ನನ್ನ ಬಳಿ ಇತ್ತು. ಅಲ್ಲಿಯ ನೆಲವೆಂದರೆ ದಪ್ಪನೆಯ ಪಾಚಿ, ಬೆಂಕಿ ಅದರೊಳಗೆ ಬೇರಿನವರೆಗೂ ಇಳಿಯುತ್ತದೆ. ಅಷ್ಟು ಕೆಂಪಾದ ಚೌಕದಲ್ಲಿ ಒಂದು ಮರ ಉಳಿದಿರಬಹುದು ಎಂದು ವಾದಿಸುವವರನ್ನು ನಾನು ಯಾವ ವೇದಿಕೆಯಲ್ಲೂ ಸುಮ್ಮನೆ ಬಿಟ್ಟವಳಲ್ಲ.

"ಹೌದು ಮಾವ," ಎಂದೆ, "ಕಾಣುದಿಲ್ಲ."