ಫಾಸ್ಟ್ ಲೋಕಲ್‌ನಲ್ಲಿ ಮಾಟುಂಗಾ

ನನ್ನ ಮಗಳಿಗೆ ಆಗ ಐದೂವರೆ ವರ್ಷ. ಅವಳ ಶಾಲೆ ದಾದರ್‌ನಲ್ಲಿ, ನನ್ನ ಆಫೀಸಿನ ಹಿಂದಿನ ಗಲ್ಲಿಯಲ್ಲಿ. ಮನೆ ಘಾಟ್ಕೋಪರ್‌ನಲ್ಲಿ. ಮಳೆಗಾಲ ಮುಗಿಯುವ ಹೊತ್ತಿಗೆ ಟೀಚರ್ ನನ್ನನ್ನು ಕರೆಸಿದರು. ಉಳಿದ ಮಕ್ಕಳು ಚಿಕ್ಕ ಚಿಕ್ಕ ಪದ ಓದುತ್ತಿದ್ದಾರೆ, ಇವಳಿಗೆ ಅಕ್ಷರಗಳು ಗೊತ್ತು, ಆದರೆ ಕೂಡಿಸಿ ಓದಲು ಬರುವುದಿಲ್ಲ ಎಂದರು. ಗಾಬರಿ ಪಡಬೇಡಿ ಎಂದೂ ಸೇರಿಸಿದರು. ಯಾರಾದರೂ ಹಾಗೆ ಹೇಳಿದರೇ ನನಗೆ ಗಾಬರಿಯಾಗುವುದು. ಹಿಂದುಳಿದವರನ್ನು ಕಾಯದ ಊರು ಇದು. ನನ್ನ ಮಗು ದಡ್ಡಿಯೇನೋ ಎಂಬ ಯೋಚನೆ ಅವತ್ತು ತಲೆಗೆ ಹೊಕ್ಕಿದ್ದು ಮತ್ತೆ ಹೊರಗೆ ಹೋಗಲಿಲ್ಲ.

ಕೂತು ಓದಿಸಲು ಪುರುಸೊತ್ತೆಲ್ಲಿ? ಇದ್ದದ್ದು ಸಂಜೆ ಮನೆಗೆ ಬರುವ, ಎಲ್ಲ ಕಡೆ ನಿಲ್ಲುವ ಸ್ಲೋ ಲೋಕಲ್ ರೈಲು ಒಂದೇ. ಲೇಡೀಸ್ ಡಬ್ಬಿಯಲ್ಲಿ ಅವಳನ್ನು ಕಿಟಕಿಯ ಪಕ್ಕ ಕೂರಿಸಿ, ಪ್ರತಿ ಸ್ಟೇಷನ್ನಿನ ಬೋರ್ಡನ್ನೂ ಬೆರಳಿಟ್ಟು ತೋರಿಸಿ ಓದಿಸತೊಡಗಿದೆ. ಮೂರನೇ ವಾರಕ್ಕೆ ಅವಳೇ ಶುರುಮಾಡಿದಳು. ಮಾಟುಂಗಾ, ಸಯನ್, ಕುರ್ಲಾ, ವಿದ್ಯಾವಿಹಾರ್, ಘಾಟ್ಕೋಪರ್. ಒಂದೂ ತಪ್ಪಲಿಲ್ಲ. ಪಕ್ಕದಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತ ಹೆಂಗಸರು "ವಾಹ್, ಹುಷಾರ್ ಆಹೇ!" ಎಂದರೆ ನನ್ನ ಜಂಬ ಕೇಳಬೇಕೇ? ಮೈಸೂರಿನಲ್ಲಿದ್ದ ಅಕ್ಕನಿಗೆ ಅಲ್ಲಿಂದಲೇ ಫೋನು.

"ಅಕ್ಕಾ, ಬೋರ್ಡ್ ನೋಡಿ ಪಟಪಟ ಅಂತ ಓದ್ತಾಳೆ ಕಣೇ!"

"ಮತ್ತೆ? ಸುಮ್ ಸುಮ್ನೆ ತಲೆ ಕೆಡಿಸ್ಕೊಂಡಿದ್ದೆ ನೀನು" ಎಂದಳು ಅಕ್ಕ.

ಸುಳ್ಳು ಯಾಕೆ ಹೇಳಲಿ? ಒಂದು ದಿನ ಪಕ್ಕದ ಹಳಿಯಲ್ಲಿ ಇನ್ನೊಂದು ಗಾಡಿ ನಿಂತು ಬೋರ್ಡು ಪೂರ್ತಿ ಮರೆಯಾಗಿತ್ತು. ಆದರೂ ಅವಳು "ಸಯನ್!" ಎಂದಳು. ನಾನು ಕೇಳಿಸಿಕೊಂಡೆ. ಒಂದು ಪುಸ್ತಕ ತೆಗೆದು ಅವಳ ಮುಂದೆ ಹಿಡಿದಿದ್ದರೆ ಎರಡು ನಿಮಿಷದಲ್ಲಿ ನಿಜ ಗೊತ್ತಾಗುತ್ತಿತ್ತು. ಹಿಡಿಯಲಿಲ್ಲ. ಗೊತ್ತಾಗಿಬಿಟ್ಟರೆ ಏನು ಮಾಡಲಿ ಎಂಬ ಭಯ. "ಶಾಬಾಶ್ ಪುಟ್ಟಿ" ಎಂದು ತಲೆ ಸವರಿದೆ. ಮರುದಿನವೂ ಹಾಗೇ ಅಂದೆ, ಅದರ ಮರುದಿನವೂ.

ಜನವರಿಯ ಒಂದು ಸಂಜೆ ಗ್ಯಾಸ್ ಸಿಲಿಂಡರ್ ತರುವವನು ಆರು ಗಂಟೆಗೆ ಬರುತ್ತೇನೆ ಎಂದಿದ್ದ. ಗಂಡ ಊರಲ್ಲಿರಲಿಲ್ಲ. ಸಮಯ ಉಳಿಯುತ್ತದೆಂದು, ಬುದ್ಧಿ ಇಲ್ಲದವಳ ಹಾಗೆ, ಮಗುವನ್ನು ಕಟ್ಟಿಕೊಂಡು ದಾದರ್‌ನಲ್ಲಿ ಫಾಸ್ಟ್ ಲೋಕಲ್ ಹತ್ತಿದೆ. ಉಸಿರಾಡಲೂ ಜಾಗವಿರಲಿಲ್ಲ. ದೂರದ ಕಲ್ಯಾಣ್‌ಗೆ ಹೋಗುವ ಒಬ್ಬ ಹೆಂಗಸು "ಘಾಟ್ಕೋಪರ್ ಉತರ್ನಾ ಹೈ ತೋ ಸ್ಲೋ ಪಕಡೋ ನಾ!" ಎಂದು, ಹತ್ತಿರದಲ್ಲೇ ಇಳಿಯುವವಳು ಸ್ಲೋ ಬಿಟ್ಟು ಇದಕ್ಕೇಕೆ ಹತ್ತಿದೆ ಎಂಬಂತೆ ರೇಗಿದಳು. ನಾನು ಮಗಳನ್ನು ಸೊಂಟದ ಮೇಲೆ ಎತ್ತಿಕೊಂಡು ಬಾಗಿಲ ಹತ್ತಿರ ನಿಂತೆ.

ಫಾಸ್ಟ್ ಗಾಡಿ ಮಾಟುಂಗಾದಲ್ಲೂ ನಿಲ್ಲುವುದಿಲ್ಲ, ಸಯನ್‌ನಲ್ಲೂ ನಿಲ್ಲುವುದಿಲ್ಲ. ದಾದರ್ ಬಿಟ್ಟರೆ ಕುರ್ಲಾ. ಗದ್ದಲದಲ್ಲಿ ಡಬ್ಬಿಯ ಅನೌನ್ಸ್‌ಮೆಂಟ್ ಯಾರಿಗೂ ಕೇಳುತ್ತಿರಲಿಲ್ಲ. ಕುರ್ಲಾದಲ್ಲಿ ಗಾಡಿ ನಿಂತಿತು. ಬಾಗಿಲಿನ ಎದುರಿಗೇ ಬೋರ್ಡು. ಮಗಳು ಅದಕ್ಕೆ ಬೆರಳು ತೋರಿಸಿ ಡಬ್ಬಿಗೆಲ್ಲ ಕೇಳುವಂತೆ "ಮಾಟುಂಗಾ!" ಎಂದಳು.

"ಮಾಟುಂಗಾ ತೋ ಕಬ್ ಕಾ ಗಯಾ ಬೇಟಾ" ಎಂದು ಯಾರೋ ನಕ್ಕರು.

"ಸರಿಯಾಗಿ ನೋಡಿ ಓದೇ!" ಎಂದು ಗದರಿದೆ. ನನ್ನ ದನಿ ನನಗೇ ಹೆದರಿಕೆ ಹುಟ್ಟಿಸಿತು. ಅವಳು ಬೋರ್ಡು ನೋಡಲಿಲ್ಲ, ನನ್ನ ಮುಖ ನೋಡಿದಳು. ಗಾಡಿ ಹೊರಟಿತು. ನಾಲ್ಕು ತಿಂಗಳಿಂದ ಅವಳು ಓದಿರಲಿಲ್ಲ, ನಿಲ್ದಾಣ ಎಣಿಸಿದ್ದಳು ಅಷ್ಟೆ.

ಮುಂದಿನದು ಘಾಟ್ಕೋಪರ್. ಇಳಿಯಲು ಅವಳನ್ನು ಕೆಳಗೆ ಬಿಟ್ಟು ಕೈ ಹಿಡಿದು ಎಳೆದೆ. ಅವಳು ಇನ್ನೊಂದು ಕೈಯಲ್ಲಿ ಬಾಗಿಲ ನಡುವಿನ ಕಂಬವನ್ನು ಗಟ್ಟಿಯಾಗಿ ತಬ್ಬಿಕೊಂಡಳು.

"ಇದು ನಮ್ದು ಸ್ಟೇಷನ್ ನಹೀ ಹೈ ಅಮ್ಮಾ! ಯೆ ಸಯನ್ ಹೈ! ಇನ್ನೂ ಮೂರು ಇದೆ!"

ಅವಳ ಲೆಕ್ಕದಲ್ಲಿ ಅದು ಸರಿಯೇ. ಹಿಂದಿನಿಂದ ಜನ ನೂಕಿದರು, ಕೈ ಜಾರಿತು. ನಾನು ಪ್ಲಾಟ್‌ಫಾರ್ಮ್ ಮೇಲಿದ್ದೆ, ಮಗು ಒಳಗೆ. ನಡುವೆ ಹತ್ತುವವರ ಗೋಡೆ. ಈ ಗಾಡಿ ಮುಂದೆ ನಿಲ್ಲುವುದು ಠಾಣೆಯಲ್ಲಿ. ಅಲ್ಲಿ ಇಳಿದರೆ ಬೋರ್ಡು ಓದಿ ತಾನಿರುವ ಜಾಗ ಹೇಳಲಾರಳು, ಅಮ್ಮ ಎಲ್ಲಿ ಇಳಿದಳು ಎಂದರೆ ಸಯನ್ ಎನ್ನುತ್ತಾಳೆ. "ಅಯ್ಯೋ, ನನ್ನ ಮಗು! ನನ್ನ ಮಗು!" ಎಂದು ಕನ್ನಡದಲ್ಲೇ ಕಿರುಚಿಕೊಂಡೆ. ಹಾರ್ನ್ ಆಯಿತು. ನನ್ನ ಮೇಲೆ ರೇಗಿದ್ದಳಲ್ಲ, ಅದೇ ಹೆಂಗಸು ಮಗುವನ್ನು ಕಂಬದಿಂದ ಕಿತ್ತು, ತಲೆಗಳ ಮೇಲಿಂದ ಎತ್ತಿ ನನ್ನ ತೋಳಿಗೆ ಹಾಕಿದಳು. ಗಾಡಿ ಜರುಗಿತು. ಅವಳಿಗೆ ಒಂದು ಥ್ಯಾಂಕ್ಸ್ ಕೂಡ ಹೇಳಲಾಗಲಿಲ್ಲ.

ಮಗಳು ಇನ್ನೂ "ಇದು ಸಯನ್, ಸಯನ್" ಎಂದು ಅಳುತ್ತಿದ್ದಳು. ಬೆನ್ನಿಗೊಂದು ಬಾರಿಸಿದೆ. ಮರುಕ್ಷಣ ಅಪ್ಪಿಕೊಂಡು ನಾನೂ ಗೊಳೋ ಎಂದು ಅತ್ತೆ. ಅಲ್ಲೇ ಬೆಂಚಿನ ಮೇಲೆ ಕೂತೆವು. ಗ್ಯಾಸಿನವನು ಫೋನ್ ಮೇಲೆ ಫೋನ್ ಮಾಡುತ್ತಿದ್ದ, ಎತ್ತಲಿಲ್ಲ.

ಅಳು ನಿಂತ ಮೇಲೆ ಅವಳು ಕೇಳಿದಳು: "ಅಮ್ಮಾ, ನಂಗೆ ರೀಡಿಂಗ್ ಬರಲ್ಲ ಅಂತ ನಿಂಗೆ ಪತಾ ಥಾ?"

"ಗೊತ್ತಿತ್ತು" ಎಂದೆ. "ನಿಂಗೆ?"

"ನಂಗೂ. ಹೇಳಿದ್ರೆ ನೀನು ಸ್ಯಾಡ್ ಆಗ್ತೀಯ ಅಂತ ಡರ್ ಲಗಾ."

ಐದೂವರೆ ವರ್ಷದ ಕೂಸು ನನ್ನ ಭಯವನ್ನು ಅಷ್ಟು ದಿನ ಹೊತ್ತುಕೊಂಡು ತಿರುಗಿತ್ತು. ನಾನು ಅದನ್ನು ಅವಳ ಮೇಲೆ ಹೊರಿಸಿ ಆರಾಮವಾಗಿ ಫೋನಿನಲ್ಲಿ ಹರಟಿದ್ದೆ. ನನ್ನಂಥ ತಾಯಿಗೆ ಏನನ್ನಬೇಕು!

ಎದುರಿಗೆ ಹಳದಿ ಬೋರ್ಡು ಇತ್ತು. ಮೂಗು ಒರೆಸಿ, ಆದಷ್ಟು ಮೆತ್ತಗೆ ಕೇಳಿದೆ: "ಅಲ್ಲಿ ಏನು ಬರೆದಿದೆ ಪುಟ್ಟಿ?"

ಅವಳು ನನ್ನನ್ನು ನೋಡಿದಳು, ಬೋರ್ಡು ನೋಡಿದಳು. ಇನ್ನೊಂದು ಏಟು ಬೀಳುತ್ತದೆಂದು ಬೆನ್ನು ಬಿಗಿಹಿಡಿದುಕೊಂಡು, ನಾಲ್ಕು ತಿಂಗಳಲ್ಲಿ ಮೊದಲ ಸಲ, "ಗೊತ್ತಿಲ್ಲ" ಎಂದಳು.