ಈರಪ್ಪನ ಕೆಂಪು

ಮನಿಗೆ ಕಲರ್ ಲೇಸರ್ ಪ್ರಿಂಟರ್ ತಂದ ಹೊಸತರಾಗ ನನಗ ಅದರ ಸೊಕ್ಕು ಭಾಳ ಇತ್ತು. ಒಂದಿನ ನಮ್ಮ ಗಜೇಂದ್ರಗಡದಾಗಿನ ನೇಕಾರ ಈರಪ್ಪ, ತೀರಿಕೊಂಡ ಹೆಂಡತಿ ಫೋಟೋ ಮೊಬೈಲಿನ್ಯಾಗ ಹಿಡಕೊಂಡು ಬಂದ್ರು. ಆಕಿ ಉಟ್ಟ ಕೆಂಪು ಸೀರಿ ಅವರ ಕೈಲೇ ನೇಯ್ದದ್ದು. ಅದನ್ನ ಉಡಿಸೇ ಆಕಿನ್ನ ಮಣ್ಣು ಮಾಡಿದ್ರಂತ. ಮಗಳ ಮದುವಿಗೆ ಅಂಥಾದ್ದ ಇನ್ನೊಂದು ನೇಯಬೇಕು, ನೂಲಿಗೆ ಬಣ್ಣ ಹಾಕಾವ್ರಿಗೆ ತೋರಸಾಕ ಪ್ರಿಂಟ್ ಬೇಕು ಅಂದ್ರು.

ತಗದುಕೊಟ್ಟೆ. ಕಾಗದಾನ ಬಾಗಿಲ ಬೆಳಕಿಗೆ ಒಯ್ದು ಹಿಡದ್ರು.

"ಮಾಸಿದಂಗ ಐತಲ್ರಿ. ಅದು ದಾಳಂಬರಿ ಕಾಳಿನಂಗ ಇತ್ರಿ."

"ಲೇಸರ್ ಮಷಿನ್ ಐತ್ರಿ ಇದು, ತಪ್ಪೂದಿಲ್ಲ. ನಿಮಗ ನೆನಪು ಹೆಚ್ಚುಕಡಿಮಿ ಆಗಿರಬೇಕು," ಅಂದೆ.

"ಇದ್ದೀತ್ರಿ," ಅಂತ ಮಡಚಿ ಒಯ್ದ್ರು.

ಟೋನರ್, ಅಂದ್ರ ಬಣ್ಣದ ಪುಡಿ, ಉಳಿಸಾಕ ತೆಳ್ಳಗ ಛಾಪಿಸೋ ಸೆಟ್ಟಿಂಗ್ ನಾನ ಚಾಲೂ ಇಟ್ಟಿದ್ದು ಗೊತ್ತಾಗಿದ್ದು ವಾರದ ಮ್ಯಾಲೆ. ಅದನ್ನ ತಗದು, ಹೊಸ ಪ್ರಿಂಟ್ ಹಿಡಕೊಂಡು ಅವರ ಮನಿಗೆ ಓಡಿದೆ. ಮಗ್ಗದ ಮ್ಯಾಲೆ ಮಾಸಲು ಕೆಂಪಿನ ಸೀರಿ ಅರ್ಧ ಆಗಿತ್ತು.

ಈರಪ್ಪ ಹೊಸ ಕಾಗದಾನ ಭಾಳೊತ್ತು ನೋಡಿದ್ರು. "ಹೌದ್ರಿ, ಇದ ಆಕಿ ಕೆಂಪು. ನಾನ ಮರ್ತೀನಿ ಅಂತ ತಿಳಕೊಂಡಿದ್ದೆ."

ಕಾಗದ ಸಿಕ್ಕೊಂಡ್ರ ಪ್ರಿಂಟರ್ ತಾನ ನಿಂತುಬಿಡತೈತಿ. ನನ್ನ ಬಾಯಿಗೆ ಅಷ್ಟೂ ಬುದ್ಧಿ ಇಲ್ಲ.